ಜಗಳೂರಿನ ನೀರು

ಶಿವಗಂಗಮ್ಮನಿಗೆ ಎಪ್ಪತ್ತೈದು ದಾಟಿದೆ, ಆದರೂ ಬಾಯಲ್ಲಿ ಮೂವತ್ತೆರಡೂ ಭದ್ರವಾಗಿವೆ. ಆಕೆ ಚಕ್ಕುಲಿ ಕಡಿಯುವ ಸದ್ದು ಹಿತ್ತಲಲ್ಲಿ ಪಾತ್ರೆ ತಿಕ್ಕುವವಳಿಗೂ ಕೇಳುತ್ತದೆ. ಸೊಸೆ ಪ್ರಮೀಳಾಗೆ ಇನ್ನೂ ನಲವತ್ತಾರು. ಅವಳಿಗೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸದೆ ನುಂಗಲಾಗುವುದಿಲ್ಲ. ಯಾಕೆ ಹೀಗೆ ಎಂದು ಚನ್ನಗಿರಿಯ ಆ ಮನೆಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತಿತ್ತು, ಜಗಳೂರಿನ ನೀರು.

ಪ್ರಮೀಳಾಳ ತವರು ಜಗಳೂರು. ಅಲ್ಲಿನ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆ ಕೂರುತ್ತದೆ. ಪ್ರಮೀಳಾಳ ಹಲ್ಲಿನ ಮೇಲೂ ಕೂತಿತ್ತು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಶಿವಗಂಗಮ್ಮ ಅದನ್ನು ನೆಂಟರಿಗೆಲ್ಲ ತೋರಿಸಿ, ನಮ್ಮ ಸೊಸೆ ಅಡಿಕೆ ಜಗಿಯದಿದ್ದರೂ ಜಗಿದವಳ ಹಾಗೆ ಕಾಣುತ್ತಾಳೆ ನೋಡಿ ಎಂದು ನಗಾಡುತ್ತಿದ್ದಳು. ಮೂವತ್ತೈದರ ಸುಮಾರಿಗೆ ಒಸಡಿನಲ್ಲಿ ರಕ್ತ ಬರತೊಡಗಿದಾಗ, ಅದೂ ಆ ನೀರಿನದೇ ಕೆಲಸ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಪ್ರಮೀಳಾಳ ತಾಯಿಯ ಬಾಯಿ ಐವತ್ತಕ್ಕೇ ಬೋಳಾಗಿತ್ತು, ತಮ್ಮ ಮರುಳಪ್ಪ ಹಲ್ಲಿನ ಸೆಟ್ಟು ಹಾಕಿಕೊಂಡು ಓಡಾಡುತ್ತಿದ್ದ, ಇನ್ನೇನು ಸಾಕ್ಷಿ ಬೇಕು. ಬ್ರಷ್ ತಾಗಿದರೆ ರಕ್ತ ಬರುತ್ತದೆಂದು ಪ್ರಮೀಳಾ ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಟ್ಟಳು. ಉಪ್ಪುನೀರು ಮುಕ್ಕಳಿಸುವುದು, ಲವಂಗದೆಣ್ಣೆ ಹಚ್ಚುವುದು, ಮೇಲಿನ ಹಲ್ಲು ಅಲ್ಲಾಡಿದರೆ ನಾಲಿಗೆಯಿಂದ ತಳ್ಳಿ ಜಾಗಕ್ಕೆ ಕೂರಿಸುವುದು, ಇದರಲ್ಲೇ ಹತ್ತು ವರ್ಷ ಹೋದವು.

ಒಂದು ಸಮಾಧಾನವಂತೂ ಅವಳಿಗಿತ್ತು. ಮಗಳು ದಾಕ್ಷಾಯಣಿ ಹುಟ್ಟಿ ಬೆಳೆದದ್ದು ಚನ್ನಗಿರಿಯಲ್ಲಿ. ಬಾಣಂತನಕ್ಕೂ ಪ್ರಮೀಳಾ ತವರಿಗೆ ಹೋಗಿರಲಿಲ್ಲ. ಮಗಳ ಹಲ್ಲು ತೊಳೆದ ಅಕ್ಕಿಯ ಹಾಗೆ ಬೆಳ್ಳಗಿದ್ದವು.

ದೀಪಾವಳಿ ಕಳೆದ ವಾರ ಎರಡು ಸಂಗತಿಗಳು ಒಂದೇ ಮಧ್ಯಾಹ್ನ ನಡೆದವು. ನ್ಯಾಮತಿಯಿಂದ ಪ್ರೇಮಲತಾ ಎಂಬುವರು ಫೋನ್ ಮಾಡಿ, ಹೊನ್ನಾಳಿಯ ಮದುವೆಮನೆಯಲ್ಲಿ ನಿಮ್ಮ ಹುಡುಗಿಯನ್ನು ನೋಡಿದೆವು, ನಮ್ಮ ವಿನಯ್ ಕುಮಾರನಿಗೆ ಒಪ್ಪಿಗೆಯಾಗಿದ್ದಾಳೆ, ಸಂಕ್ರಾಂತಿ ಕಳೆದ ಮೇಲೆ ಬಂದು ಒಪ್ಪಿಗೆ ಶಾಸ್ತ್ರ ಮಾಡಿಕೊಂಡು ಹೋಗುತ್ತೇವೆ ಎಂದರು. ಹುಡುಗ ಹೊನ್ನಾಳಿಯಲ್ಲಿ ಕಾಲೇಜು ಉಪನ್ಯಾಸಕ, ಪ್ರೇಮಲತಾ ಗೊಬ್ಬರದ ಅಂಗಡಿಯನ್ನು ತಾವೇ ನಿಂತು ನಡೆಸುವ ಗಟ್ಟಿ ಹೆಂಗಸು, ಮೇಲಾಗಿ ಅವರದೂ ಅಡಿಕೆ ಮನೆತನ. ಪ್ರಮೀಳಾಳ ಗಂಡ ಸತೀಶ್ ಕುಮಾರ್ ಖುಷಿಯಲ್ಲಿ ಇನ್ನೊಂದು ತುತ್ತು ಜಾಸ್ತಿ ಉಂಡ. ಆ ಹೊತ್ತಿಗೇ ಪ್ರಮೀಳಾಳ ಮುಂದಿನ ಹಲ್ಲೊಂದು ನೋವಿಲ್ಲದೆ, ಸದ್ದಿಲ್ಲದೆ ಮೊಸರನ್ನದ ಮೇಲೆ ಬಿತ್ತು.

ಅವಳು ಅದನ್ನು ಅನ್ನದಡಿ ಮುಚ್ಚಿದಳು. ಅತ್ತೆಯ ಕಣ್ಣಿಗೆ ಮಾತ್ರ ಏನೂ ತಪ್ಪುವುದಿಲ್ಲ.

"ಇದನ್ನ ಸರಿ ಮಾಡಿಸ್ಕೋಬೇಕು, ಅವರು ಬರಾದ್ರೊಳಗೆ," ಎಂದಳು ಶಿವಗಂಗಮ್ಮ. "ಹುಡುಗಿ ತಾಯಿ ಬಾಯಿ ಹಿಂಗಿದ್ರೆ, ಹುಡುಗೀದು ನಾಳೆ ಹೆಂಗೋ ಏನೋ ಅಂದ್ಕಂತಾರೆ. ನೀರಿಂದು ಅಂತ ಎಷ್ಟು ಜನಕ್ಕೆ ಹೇಳಾಕಾಗ್ತೈತೆ?"

ಸತೀಶನಿಗೂ ಅದು ಸರಿಯೆನಿಸಿತು. ಕತ್ತಲಗೆರೆ ರಸ್ತೆಯಲ್ಲಿ ಅವನದು ಅಡಿಕೆ ಖೇಣಿ. ತೋಟದವರಿಂದ ಹಸಿ ಅಡಿಕೆ ವಹಿಸಿಕೊಂಡು, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವ ಕೆಲಸ. ಆ ವರ್ಷ ಧಾರಣೆ ಚೆನ್ನಾಗಿತ್ತು, ದುಡ್ಡಿನ ತೊಂದರೆ ಇರಲಿಲ್ಲ. ಎಷ್ಟಾದರೂ ಆಗಲಿ, ತೆಗೆದಿಡುವ ಹಲ್ಲಲ್ಲ, ಖಾಯಂ ಹಲ್ಲೇ ಹಾಕಿಸೋಣ ಎಂದ. ಗಂಡ ಇಷ್ಟು ಬೇಗ ಒಪ್ಪಿದ್ದು ಕಂಡು ಪ್ರಮೀಳಾಗೆ ಕಣ್ಣು ತುಂಬಿ ಬಂತು. ತನ್ನ ಬಾಯಿಯಿಂದ ಮಗಳ ಸಂಬಂಧಕ್ಕೆ ಕುಂದು ಬರಬಾರದು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಚನ್ನಗಿರಿಯಲ್ಲೇ ಬಸ್‌ಸ್ಟ್ಯಾಂಡಿನ ಹಿಂದೆ ಆಶಾ ಎಂಬ ದಂತವೈದ್ಯೆ ಇದ್ದರು. ಎಕ್ಸ್‌ರೇ ತೆಗೆದು, ಒಂದೊಂದೇ ಹಲ್ಲಿನ ಸುತ್ತ ಸಣ್ಣ ಕಡ್ಡಿ ಇಳಿಸಿ ಆಳ ನೋಡಿ, ಆಮೇಲೆ ಪರದೆಯ ಮೇಲೆ ಚಿತ್ರ ತೋರಿಸಿದರು. ಸತೀಶ ಹೊರಗೆ ಲೋಡಿನ ವಿಷಯ ಫೋನಿನಲ್ಲಿ ಮಾತಾಡುತ್ತ ನಿಂತಿದ್ದ, ಒಳಗೆ ಪ್ರಮೀಳಾ ಒಬ್ಬಳೇ ಇದ್ದಳು.

ಹಲ್ಲು ಹಾಳಾಗಿಲ್ಲ, ಒಂದೂ ಹುಳುಕಿಲ್ಲ ಎಂದರು ಡಾಕ್ಟರು. ಹಾಳಾದದ್ದು ಹಲ್ಲನ್ನು ಹಿಡಿದಿರುವ ಮೂಳೆ. ಒಸಡಿನ ಕಾಯಿಲೆ ಒಳಗೊಳಗೇ ಅದನ್ನು ತಿಂದಿದೆ, ಮೇಲಿನ ದವಡೆಯಲ್ಲಿ ಬೇರಿನ ತುದಿ ಮಾತ್ರ ಮೂಳೆಯಲ್ಲಿ ಉಳಿದಿದೆ. ನೀರಿಗೂ ಇದಕ್ಕೂ ಸಂಬಂಧವಿಲ್ಲ, ಆ ನೀರು ಹಲ್ಲಿನ ಬಣ್ಣ ಕೆಡಿಸೀತು, ಹಲ್ಲನ್ನು ಅಲ್ಲಾಡಿಸದು. ಮೇಲಿನವನ್ನೆಲ್ಲ ತೆಗೆದು, ಸೋಂಕು ತೊಳೆದು, ಗುಂಡಿ ತುಂಬಿಕೊಳ್ಳಲು ನಾಲ್ಕು ತಿಂಗಳು ಬಿಡಬೇಕು. ಮೂಳೆ ಸಾಲದ ಕಡೆ ಮೂಳೆಪುಡಿ ತುಂಬಬೇಕು. ಆಮೇಲೆ ಬೇರಿನ ಜಾಗಕ್ಕೆ ಸ್ಕ್ರೂ ಕೂರಿಸಿ, ಮೂಳೆ ಅದನ್ನು ಹಿಡಿಯಲು ಮತ್ತಷ್ಟು ತಿಂಗಳು ಕಾದು, ಕೊನೆಗೆ ಮೇಲೆ ಹಲ್ಲು. ಒಟ್ಟು ಒಂದು ವರ್ಷ. ಅಲ್ಲಿಯವರೆಗೆ ತೆಗೆದಿಡುವ ಸೆಟ್ಟು.

ಪ್ರಮೀಳಾ ಎದ್ದು ನಿಂತಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು.

"ನಿಮ್ಮ ತಾಯಿಗೂ ಹಿಂಗೇ, ತಮ್ಮಂಗೂ ಹಿಂಗೇ ಅಂದ್ರಲ್ಲ. ಕೆಲವು ಮನೆತನಗಳಲ್ಲಿ ಇದು ಸಣ್ಣ ವಯಸ್ಸಿಗೇ ಶುರುವಾಗ್ತೈತೆ ಅಮ್ಮ. ಹೊರಗೆ ಏನೂ ಕಾಣಲ್ಲ. ಮಗಳಿದ್ದಾಳಲ್ಲ, ಒಂದ್ಸಲ ಕರಕೊಂಡು ಬರ್ರಿ."

ಆಗಲಿ ಎಂದು ಪ್ರಮೀಳಾ ಹೊರಗೆ ಬಂದಳು. ಡಾಕ್ಟರು ಏನಂದರು ಎಂದು ಗಂಡ ಕೇಳಿದ. ನೀರಿನದಲ್ಲವಂತೆ, ಒಂದು ವರ್ಷ ಆಗುತ್ತದಂತೆ ಎಂದಷ್ಟೇ ಹೇಳಿದಳು. ಕೊನೆಯ ಮಾತನ್ನು ಮನೆಯವರೆಗೂ ಬಾಯಲ್ಲಿಟ್ಟುಕೊಂಡೇ ಹೋಗಿ ಅಲ್ಲೇ ನುಂಗಿಬಿಟ್ಟಳು. ಮದುವೆಗಿರುವ ಹುಡುಗಿಯನ್ನು ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಬಸ್‌ಸ್ಟ್ಯಾಂಡಿನಲ್ಲಿ ನೋಡುವ ಕಣ್ಣು ಎಷ್ಟಿಲ್ಲ. ಒಪ್ಪಿಗೆಯೊಂದು ಆಗಿಬಿಡಲಿ ಎಂದುಕೊಂಡಳು. ಅವಳೇನೂ ಕೆಟ್ಟ ತಾಯಿಯಲ್ಲ. ಮಗಳಿಗೆ ಒಳ್ಳೆಯದಾಗಲಿ ಎಂದೇ ಸುಮ್ಮನಾದಳು, ಆ ಹೊತ್ತಿಗೆ ಅವಳಿಗೆ ಕಂಡ ಒಳ್ಳೆಯದು ಅದೊಂದೇ.

ಮನೆಯಲ್ಲಿ ಜಗಳ ಶುರುವಾದದ್ದು ಆ ಒಂದು ವರ್ಷದ ಮೇಲೆ. ನೀರಿನದಲ್ಲ ಎಂದ ಡಾಕ್ಟರರನ್ನು ಶಿವಗಂಗಮ್ಮ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಆ ಹುಡುಗಿ ಜಗಳೂರು ನೋಡಿದ್ದಾಳೋ ಇಲ್ಲವೋ ಎಂದಳು. ಅಷ್ಟರಲ್ಲಿ ಮಂಡಿಯಲ್ಲಿ ಯಾರೋ ಸತೀಶನಿಗೆ ದಾವಣಗೆರೆಯ ಕ್ಲಿನಿಕ್ಕೊಂದರ ಸುದ್ದಿ ಕೊಟ್ಟಿದ್ದರು. ಅಲ್ಲಿ ಹಲ್ಲು ಕಿತ್ತ ದಿನವೇ ಸ್ಕ್ರೂ ಕೂರಿಸುತ್ತಾರಂತೆ. ಮೇಲಿನ ಮೂಳೆ ಸವೆದಿದ್ದರೂ ಒಳಗಿನ ಗಟ್ಟಿ ಮೂಳೆಗೆ ತಾಗುವ ಉದ್ದನೆಯ ಸ್ಕ್ರೂ ಓರೆಯಾಗಿ ಇಳಿಸಿ, ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ, ಮೂರನೆಯ ದಿನಕ್ಕೆ ಹಲ್ಲಿನ ಸಾಲು ಕೂರಿಸಿ ಕಳಿಸುತ್ತಾರಂತೆ.

ದಾಕ್ಷಾಯಣಿ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮೊಬೈಲಿನಲ್ಲಿ ಎರಡೂ ವಿಧಾನಗಳನ್ನು ಓದಿ, ಊಟದ ಹೊತ್ತಿಗೆ ಅಪ್ಪನೆದುರು ಕೂತಳು. ಎರಡೂ ಸರಿಯಾದ ವಿಧಾನವೇ, ಆದರೆ ಅಮ್ಮನಿಗೆ ಅವಸರ ಯಾಕೆ ಎಂಬುದು ಅವಳ ವಾದ.

"ಅವಸರ ಅಮ್ಮಂಗಲ್ಲ, ನಿಂಗೆ," ಎಂದ ಸತೀಶ. "ಸಂಕ್ರಾಂತಿಗೆ ಅವರು ಬರ್ತಾರೆ."

"ಬರ್ಲಿ ಬಿಡಪ್ಪ. ಅಮ್ಮಂಗೆ ಹಲ್ಲಿಲ್ಲ ಅಂತ ನನ್ನ ಬಿಟ್ಟು ಹೋಗಂಗಿದ್ರೆ ಹೋಗ್ಲಿ."

"ಹಂಗೆಲ್ಲ ಬಾಯಿ ಬಿಡಬ್ಯಾಡ," ಎಂದು ಶಿವಗಂಗಮ್ಮ ಮೊಮ್ಮಗಳ ತಟ್ಟೆಗೆ ತುಪ್ಪ ಸುರಿದಳು. "ಉಣ್ಣು ಮೊದಲು."

ತುಪ್ಪ ಸುರಿದರೆ ಆ ಮನೆಯಲ್ಲಿ ಚರ್ಚೆ ಮುಗಿದಂತೆ. ಪ್ರಮೀಳಾಳನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ಅವಳು ಬೇಗದ್ದೇ ಆಗಲಿ ಎನ್ನುತ್ತಿದ್ದಳು.

ದಾವಣಗೆರೆಯ ಡಾಕ್ಟರು ಮೋಸಗಾರರಲ್ಲ. ಒಸಡು ತೊಳೆದು, ಮಾತ್ರೆ ಕೊಟ್ಟು, ಎಲ್ಲ ನೋಡಿಯೇ ಕೈಹಾಕಿದರು. ಹಲ್ಲು ಬೇಗ ಬರುತ್ತದೆ ನಿಜ, ಆದರೆ ಒಳಗಿನ ಮೂಳೆ ಸ್ಕ್ರೂವನ್ನು ಪೂರ್ತಿ ಹಿಡಿದುಕೊಳ್ಳಲು ಆರು ತಿಂಗಳು ಬೇಕೇ ಬೇಕು, ಅಲ್ಲಿಯವರೆಗೆ ಗಟ್ಟಿಯಾದದ್ದನ್ನು ಕಚ್ಚಕೂಡದು ಎಂದು ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಸತೀಶ ಅಕ್ಕಿಗಂಜಿ, ರಾಗಿಗಂಜಿ, ಬೆಂದ ಬೇಳೆ ಎಂದು ಬೆರಳು ಮಡಿಚುತ್ತ ಬಸ್ಸು ಹತ್ತಿದ.

ಮುಖದ ಊತ ಇಳಿದ ಮೇಲೆ ಪ್ರಮೀಳಾ ಬಚ್ಚಲಿನ ಕನ್ನಡಿಯೆದುರು ಬಾಗಿಲು ಹಾಕಿಕೊಂಡು ನಕ್ಕು ನೋಡಿದಳು. ಕಂದು ಗೆರೆಯಿಲ್ಲ, ಸಂದಿಲ್ಲ, ಅಲುಗಾಟವಿಲ್ಲ. ಆಮೇಲೆ ಹೊರಗೆ ಬಂದು ಕಾರಣವಿಲ್ಲದೆ ನಕ್ಕಳು. ಖೇಣಿಯ ಹೆಂಗಸರಿಗೆ ಚಹಾ ಕೊಡಲು ಹೋದವಳು ಅವರ ಜೊತೆ ಕೂತು ಹರಟೆ ಹೊಡೆದಳು. ಸೆರಗು ಬಾಯಿಗೆ ಅಡ್ಡ ಹಿಡಿಯುವ ಅಭ್ಯಾಸ ತಾನಾಗಿ ಬಿಟ್ಟುಹೋಯಿತು. ಅವಳು ಇಷ್ಟು ಮಾತುಗಾರ್ತಿ ಎಂದು ಸತೀಶನಿಗೇ ಗೊತ್ತಿರಲಿಲ್ಲ. ಅತ್ತೆ ಮಾತ್ರ, ಹಲ್ಲು ಬಂದ ಮೇಲೆ ಇವಳ ನಾಲಿಗೆಗೆ ಬೇಲಿಯೇ ಇಲ್ಲವಾಯಿತು ಎಂದು ಗೊಣಗಿದಳು, ಆದರೂ ದಿನಾ ತಾನೇ ಗಂಜಿ ಕಾಯಿಸಿ ಕೊಟ್ಟಳು. ಆ ಎರಡು ತಿಂಗಳು ಮನೆ ಚೆನ್ನಾಗಿತ್ತು.

ಇವರು ಮರೆತದ್ದು ಒಂದಿತ್ತು. ಅಡಿಕೆ ಮನೆತನಗಳಲ್ಲಿ ಒಪ್ಪಿಗೆಯ ದಿನ ಸಕ್ಕರೆ ಕೊಬ್ಬರಿ ಹಂಚಿದ ಮೇಲೆ ಬೀಗಿತಿಯರಿಬ್ಬರು ತಮ್ಮ ತಮ್ಮ ಮನೆಯ ಅಡಿಕೆಯನ್ನು ವೀಳ್ಯದೆಲೆಯಲ್ಲಿಟ್ಟು ಬದಲಾಯಿಸಿಕೊಳ್ಳುತ್ತಾರೆ. ಹೋಳಲ್ಲ, ಪುಡಿಯಲ್ಲ, ಬೇಯಿಸಿ ಒಣಗಿಸಿದ ಇಡೀ ಅಡಿಕೆ. ಸೆರಗಿಗೆ ಕಟ್ಟಿಕೊಳ್ಳುವಂತಿಲ್ಲ, ಕತ್ತರಿ ಹಾಕುವಂತಿಲ್ಲ, ಅಲ್ಲೇ ಎಲ್ಲರೆದುರು ಹಲ್ಲಿನಲ್ಲಿ ಒಡೆಯಬೇಕು. ನಿಮ್ಮ ಮನೆಯ ಸರಕು ನಮಗೆ ಒಪ್ಪಿತು ಎಂದು ಅದರ ಅರ್ಥ. ಎಷ್ಟೋ ಮದುವೆಗಳಲ್ಲಿ ನೋಡಿದ್ದೇ ಆದರೂ ತಮ್ಮ ಮನೆಗೆ ಅದು ಬಂದಾಗ ಏನು ಎಂದು ಯಾರಿಗೂ ಹೊಳೆದಿರಲಿಲ್ಲ. ಹಿಂದಿನ ದಿನ ವೀಳ್ಯದೆಲೆ ಒರೆಸಿ ಜೋಡಿಸುತ್ತಿದ್ದಾಗ ದಾಕ್ಷಾಯಣಿಗೇ ಮೊದಲು ನೆನಪಾದದ್ದು.

ಮನೆಯಲ್ಲಿ ಗುಸುಗುಸು ಶುರುವಾಯಿತು. ಕೊನೆಗೆ ಹಿರಿಯಳೆಂದು ಶಿವಗಂಗಮ್ಮನೇ ಅಡಿಕೆ ತೆಗೆದುಕೊಳ್ಳುವುದೆಂದು ಗೊತ್ತುಮಾಡಿದರು. ಆಕೆಯ ಹಲ್ಲಿಗೆ ಅಡಿಕೆ ಯಾವ ಲೆಕ್ಕ. ದಾಕ್ಷಾಯಣಿ, ಇರುವುದನ್ನು ಇದ್ದ ಹಾಗೆ ಹೇಳಿಬಿಡೋಣ, ಅಮ್ಮನಿಗೆ ಹಲ್ಲಿನ ಚಿಕಿತ್ಸೆ ನಡೆಯುತ್ತಿದೆ ಎಂದರೆ ಯಾರು ಏನು ಮಾಡುತ್ತಾರೆ ಎಂದಳು. ಸತೀಶ ಕೈಮುಗಿದ, ಒಂದು ದಿನ ಸುಮ್ಮನಿರು ತಾಯಿ ಎಂದ.

ಬಂದವರು ಒಳ್ಳೆಯ ಜನ. ಹುಡುಗ ವಿನಯ್ ಕುಮಾರ್ ನಾಚಿಕೆಯ ಸ್ವಭಾವದವನು, ದಾಕ್ಷಾಯಣಿಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಕಾಫಿ ಲೋಟವನ್ನೇ ನೋಡುತ್ತಿದ್ದ. ಪ್ರೇಮಲತಾ ಅಡುಗೆಮನೆಗೇ ನುಗ್ಗಿ ಬಂದು ಪ್ರಮೀಳಾಳ ಹೆಗಲ ಮೇಲೆ ಕೈಹಾಕಿ ಮಾತಾಡಿದರು. ಎಲ್ಲ ಸುಸೂತ್ರವಾಗಿತ್ತು. ವೀಳ್ಯದ ಹೊತ್ತಿಗೆ ಶಿವಗಂಗಮ್ಮ ಮುಂದೆ ಬಂದು ಕೈ ಚಾಚಿದಳು. ಪ್ರೇಮಲತಾರ ಅತ್ತೆ, ಹುಡುಗನ ಅಜ್ಜಿ ಕೊಲ್ಲಾಪುರಮ್ಮ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

"ನಿಮಗೆ ಯಾಕ್ರಿ ಶಿವಗಂಗಮ್ಮ? ಹೆತ್ತಾಕಿ ಅಲ್ಲೇ ನಿಂತಾಳಲ್ಲ," ಎಂದಳು. "ಹೆತ್ತಾಕಿ ಒಡೀಬೇಕು. ಹಂಗೇ ನಡಕಂಡು ಬಂದೈತೆ."

ಕೋಣೆಯ ತುಂಬ ಜನ. ಶಿವಗಂಗಮ್ಮನ ಮುಖ ಸಪ್ಪಗಾಯಿತು. ಪ್ರಮೀಳಾ ಎಲ್ಲರ ಮುಖ ನೋಡಿದಳು, ಹಸಿರು ರೇಷ್ಮೆಯಲ್ಲಿ ಕೂತಿದ್ದ ಮಗಳನ್ನು ನೋಡಿದಳು. ದಾಕ್ಷಾಯಣಿ ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಪ್ರಮೀಳಾ ಅಡಿಕೆಯನ್ನು ಬಲದವಡೆಗಿಟ್ಟು ಕಣ್ಣು ಮುಚ್ಚಿ ಒತ್ತಿದಳು.

ಅಡಿಕೆ ಕಟಕ್ಕೆಂದು ಒಡೆಯಿತು. ಕೊಲ್ಲಾಪುರಮ್ಮ ತಲೆದೂಗಿದಳು, ಹೆಂಗಸರು ನಕ್ಕರು. ಕಿವಿಯ ಕೆಳಗಿನಿಂದ ಕಣ್ಣಿನವರೆಗೆ ನೋವು ಹರಿದರೂ ಪ್ರಮೀಳಾ ಎಲೆ ಅಡಿಕೆ ಜಗಿದು ನುಂಗಿ ಎಲ್ಲರ ಜೊತೆ ನಕ್ಕಳು. ವೈಶಾಖದಲ್ಲಿ ಮದುವೆ ಎಂದು ಗೊತ್ತಾಯಿತು.

ನೋವನ್ನು ಅವಳು ಎರಡು ವಾರ ಯಾರಿಗೂ ಹೇಳಲಿಲ್ಲ. ಮಾತ್ರೆ ನುಂಗಿ ಅಡುಗೆ ಮಾಡಿದಳು, ಖೇಣಿಗೆ ಚಹಾ ಕಳಿಸಿದಳು, ಮದುವೆ ಸೀರೆ ನೋಡಲು ಅಂಗಡಿಗೆ ಹೋದಳು. ಒಂದು ಬೆಳಿಗ್ಗೆ ಬಲಗೆನ್ನೆ ಉಬ್ಬಿತು, ಮೂಗಿನ ಪಕ್ಕದಿಂದ ಕೆಟ್ಟ ನೀರು ಗಂಟಲಿಗೆ ಇಳಿಯತೊಡಗಿತು. ಹಲ್ಲಿನ ಸಾಲು ಪೂರ್ತಿ ಒಂದೇ ತುಂಡಾದ್ದರಿಂದ ಒಂದು ಕಡೆ ಸಡಿಲಾದದ್ದು ಇನ್ನೊಂದು ಕಡೆಯನ್ನೂ ಎಳೆಯುತ್ತಿತ್ತು. ದಾವಣಗೆರೆಗೆ ಓಡಿದರು. ಏನು ಕಚ್ಚಿದಿರಿ ಎಂದು ಡಾಕ್ಟರು ಕೇಳಿದರು. ಅಡಿಕೆ ಎಂದು ಸತೀಶ ಹೇಳಿದಾಗ ಡಾಕ್ಟರು ಬೈಯಲೂ ಇಲ್ಲ. ಉಳಿಸಲು ಒಂದು ತಿಂಗಳು ಒದ್ದಾಡಿದರು. ಉಳಿಯಲಿಲ್ಲ. ಸ್ಕ್ರೂಗಳ ಜೊತೆ, ಇದ್ದ ಚೂರುಪಾರು ಮೂಳೆಯೂ ಹೋಗಿತ್ತು. ಇನ್ನು ಈ ದವಡೆಯಲ್ಲಿ ಕೂರಿಸಲು ಜಾಗವಿಲ್ಲ ಎಂದರು. ಕೆನ್ನೆಯ ಮೂಳೆಗೆ ತಾಗುವ ಸ್ಕ್ರೂ ಒಂದಿದೆಯಂತೆ, ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಹಾಕುವುದಂತೆ, ಅದೂ ಸೋಂಕು ಪೂರ್ತಿ ಆರಿ ವರ್ಷ ಕಳೆದ ಮೇಲೆ, ಆಗುತ್ತದೆಂಬ ಭರವಸೆಯಿಲ್ಲ. ಸದ್ಯಕ್ಕೆ ಸೆಟ್ಟು ಹಾಕಿಕೊಳ್ಳಿ ಎಂದರು. ಹಿಡಿದುಕೊಳ್ಳಲು ಮೂಳೆಯ ದಿಂಡೇ ಇಲ್ಲದ ಬಾಯಲ್ಲಿ ಅದು ಮಾತು ಮಾತಿಗೂ ಜಾರುತ್ತಿತ್ತು. ಮನೆಯಲ್ಲಿ ಪ್ರಮೀಳಾ ಅದನ್ನು ತೆಗೆದು ನೀರಿನ ಬಟ್ಟಲಲ್ಲಿ ಹಾಕಿಡುತ್ತಿದ್ದಳು. ದುಡ್ಡು ಇದ್ದೂ, ಡಾಕ್ಟರಿದ್ದೂ, ಏನೂ ಮಾಡುವಂತಿಲ್ಲ ಎಂಬುದನ್ನು ಸತೀಶನಿಗೆ ಜೀರ್ಣಿಸಿಕೊಳ್ಳಲಾಗಲಿಲ್ಲ. ಯಾವುದಕ್ಕೋ ಖೇಣಿಯ ಆಳು ಕೆಂಚೇಶನ ಮೇಲೆ ರೇಗಿ, ಸಂಜೆ ತಾನೇ ಹೋಗಿ ಅವನನ್ನು ಸಮಾಧಾನ ಮಾಡಿದ.

ದಿನಾ ಹುಣ್ಣು ತೊಳೆಸಿಕೊಳ್ಳಲು ದಾವಣಗೆರೆಗೆ ಹೋಗುವುದು ಆಗದ ಮಾತಾಯಿತು. ಚನ್ನಗಿರಿಯ ಆಶಾ ಡಾಕ್ಟರರ ಹತ್ತಿರವೇ ತೊಳೆಸೋಣ ಎಂದು, ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ದಾಕ್ಷಾಯಣಿಯೇ ಅಮ್ಮನನ್ನು ಕರೆದುಕೊಂಡು ಹೋದಳು. ಡಾಕ್ಟರು ತಾಯಿಯ ಬಾಯಿ ನೋಡಿದರು. ತೊಳೆದು ಔಷಧಿ ಹಚ್ಚಿ, ಪಕ್ಕದಲ್ಲಿ ನಿಂತ ಮಗಳ ಕಡೆ ತಿರುಗಿದರು.

"ಅವತ್ತು ಹೇಳಿದ್ನಲ್ಲ, ಇವರೇನಾ ಮಗಳು?"

ದಾಕ್ಷಾಯಣಿ ಏನು ಹೇಳಿದ್ದಿರಿ ಎಂದು ಕೇಳಿದಳು. ಡಾಕ್ಟರು ಅಮ್ಮನ ಮುಖ ನೋಡಿ ಅರ್ಥ ಮಾಡಿಕೊಂಡು, ಒಂದು ಸಲ ಕೂರಮ್ಮ, ನೋಡಿಬಿಡೋಣ ಎಂದಷ್ಟೇ ಹೇಳಿದರು. ದಾಕ್ಷಾಯಣಿ ನಗುತ್ತಲೇ ಕುರ್ಚಿಯಲ್ಲಿ ಕೂತಳು. ಕಡ್ಡಿ ಕೆಳಗಿನ ಮುಂಭಾಗದ ಹಲ್ಲುಗಳ ಹತ್ತಿರ ಇಳಿಯಿತು, ಇಳಿಯುತ್ತಲೇ ಹೋಯಿತು. ದವಡೆ ಹಲ್ಲಿನ ಪಕ್ಕದಲ್ಲೂ ಹಾಗೇ. ಪ್ರಮೀಳಾ ಆ ಕಡ್ಡಿಯನ್ನು ತನ್ನ ಬಾಯಲ್ಲಿ ಅನುಭವಿಸಿದ್ದಳು. ಅವಳಿಗೆ ಎಕ್ಸ್‌ರೇ ಬೇಕಾಗಲಿಲ್ಲ.

ಆದರೂ ತೆಗೆದರು. ತೊಳೆದ ಅಕ್ಕಿಯಂಥ ಆ ಹಲ್ಲುಗಳ ಕೆಳಗೆ ಅರ್ಧ ಮೂಳೆ ಇರಲಿಲ್ಲ.

ಬ್ರಷ್ ಮಾಡುವಾಗ ರಕ್ತ ಬರುತ್ತದೆಯೇ ಎಂದು ಡಾಕ್ಟರು ಕೇಳಿದರು. ಎರಡು ವರ್ಷದಿಂದ ಆಗಾಗ ಬರುತ್ತದೆ, ಅಂಥದ್ದೇನೂ ಅಲ್ಲ ಎಂದುಕೊಂಡು ಮನೆಯಲ್ಲಿ ಹೇಳಿರಲಿಲ್ಲ ಎಂದಳು ದಾಕ್ಷಾಯಣಿ. ನಾನು ಜಗಳೂರಿನ ನೀರು ಕುಡಿದವಳಲ್ಲವಲ್ಲ ಎಂದೂ ಸೇರಿಸಿದಳು. ವಿಜ್ಞಾನ ಓದಿದ ಹುಡುಗಿ, ಅಜ್ಜಿಯ ಮಾತನ್ನು ನಂಬಿಯೇ ಬೆಳೆದಿದ್ದಳು.

ಡಾಕ್ಟರು ನೇರವಾಗಿ ಹೇಳಿದರು. ಹೋದ ಮೂಳೆ ಪೂರ್ತಿ ವಾಪಸು ಬರುವುದಿಲ್ಲ, ಆದರೆ ಇರುವುದನ್ನು ಉಳಿಸಬಹುದು. ಒಸಡು ಬಿಡಿಸಿ ಒಳಗೆಲ್ಲ ತೊಳೆಯಬೇಕು, ಈಗಲೇ ಶುರುಮಾಡಬೇಕು. ಈ ವಯಸ್ಸಿನಲ್ಲಿ ಇದು ಬಹಳ ಬೇಗ ತಿನ್ನುತ್ತದೆ. ಮಾಡಿದ ಮೇಲೆ ಕೆಲವು ತಿಂಗಳು ಒಸಡು ಕೆಳಗಿಳಿದು ಹಲ್ಲು ಉದ್ದವಾಗಿ, ಸಂದಿ ಸಂದಿಯಾಗಿ ಕಾಣುತ್ತದೆ, ಅದಕ್ಕೆ ಹೆದರಬಾರದು. ಮುಂದಿನ ಸೋಮವಾರಕ್ಕೆ ಸಮಯ ಕೊಟ್ಟರು.

ಮನೆಯ ದಾರಿಯಲ್ಲಿ ದಾಕ್ಷಾಯಣಿ ಒಂದೇ ಮಾತು ಕೇಳಿದಳು.

"ದೀಪಾವಳೀಲೇ ಹೇಳಿದ್ರಾ ನಿಂಗೆ?"

ಪ್ರಮೀಳಾ ಹೌದೆಂದು ತಲೆಯಾಡಿಸಿದಳು. ಮಗಳು ಅಮ್ಮನ ಕೈಯಲ್ಲಿದ್ದ ಔಷಧಿ ಚೀಲವನ್ನು ತಾನು ಇಸಿದುಕೊಂಡು ನಡೆದಳು.

ಸುದ್ದಿ ಕೇಳಿ ಶಿವಗಂಗಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. ನಮ್ಮ ಕಡೆ ಯಾರಿಗೂ ಇರಲಿಲ್ಲವಲ್ಲ ಎಂದಳು. ಹೇಳಿದ ಮೇಲೆ ಸೊಸೆಯ ಮುಖ ನೋಡಿ ಆಕೆಗೇ ನೋವಾಯಿತು, ಎದ್ದು ಹೋಗಿ ಇಬ್ಬರಿಗೂ ಹಾಲು ಕಾಯಿಸಿದಳು. ಬೀಗರಿಗೆ ಗೊತ್ತಾಗದ ಹಾಗೆ ಮಾಡಿಸೋಣ ಎಂದು ಸತೀಶ ದಾರಿ ಹುಡುಕತೊಡಗಿದ, ಶಿವಮೊಗ್ಗಕ್ಕೆ ಕರೆದುಕೊಂಡು ಹೋದರೆ ಯಾರಿಗೆ ತಿಳಿಯುತ್ತದೆ ಎಂದ. ಆಗ ಪ್ರಮೀಳಾ ಅಷ್ಟು ವರ್ಷದ ಸಂಸಾರದಲ್ಲಿ ಮೊದಲ ಸಲ ದನಿ ಎತ್ತಿದಳು.

"ಮುಚ್ಚಿಟ್ಟಿದ್ದು ಸಾಕು. ನಾನೇ ಹೇಳ್ತೀನಿ."

ಅವರೆದುರೇ ಪ್ರೇಮಲತಾಗೆ ಫೋನ್ ಮಾಡಿದಳು. ಸೆಟ್ಟು ಹಾಕಿಕೊಂಡಿರಲಿಲ್ಲ, ಮಾತು ಗಾಳಿಯಾಗಿ ಹೋಗುತ್ತಿತ್ತು, ಎರಡೆರಡು ಸಲ ಹೇಳಬೇಕಾಯಿತು. ತನ್ನ ಹಲ್ಲು, ಅಡಿಕೆ ಒಡೆದದ್ದು, ಮಗಳ ಎಕ್ಸ್‌ರೇ, ಒಂದನ್ನೂ ಬಿಡದೆ ಹೇಳಿದಳು. ನಿಮಗೆ ಬೇಡವೆನಿಸಿದರೆ ಈಗಲೇ ಹೇಳಿಬಿಡಿ, ನಮಗೆ ಬೇಜಾರಿಲ್ಲ ಎಂದಳು. ಬೇಜಾರಿಲ್ಲ ಎಂಬುದು ಸುಳ್ಳು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಪ್ರೇಮಲತಾ ಫೋನಿಟ್ಟರು.

ಭಾನುವಾರ ಸಂಜೆ ಅವರೇ ಮಾಡಿದರು. ಸತೀಶ ಫೋನಿನ ಸ್ಪೀಕರ್ ಹಾಕಿ ಟೀಪಾಯಿಯ ಮೇಲಿಟ್ಟ.

"ಹೇಳಿದ್ದು ಒಳ್ಳೇದಾತು ಪ್ರಮೀಳಮ್ಮ. ಹಲ್ಲಿನ ಸಲುವಾಗಿ ಚಿನ್ನದಂಥ ಹುಡುಗೀನ ಬಿಡ್ತಾರೇನ್ರಿ? ವಿನಯ್‌ಗೂ ಹೇಳೀನಿ, ಅವನೂ ಒಪ್ಪಾನೆ," ಎಂದರು ಪ್ರೇಮಲತಾ. "ಒಂದೇ ಮಾತು ನಂದು. ನಮ್ಮತ್ತೆ ಕಿವಿಗೆ ಬೀಳಾದು ಬ್ಯಾಡ, ಅವರು ಒಪ್ಪಾಕಿಲ್ಲ. ಮದುವೆ ಆಗೋಗ್ಲಿ. ಹಲ್ಲು ಉದ್ದ ಆಗ್ತಾವೆ, ಸಂದಿ ಬೀಳ್ತಾವೆ ಅಂದ್ರಲ್ಲ, ಮದುಮಗಳ ಮುಖ ನೋಡಿ ಜನ ಕೇಳ್ತಾರೆ. ಆಮೇಲೆ ನಾನೇ ಕೂತು ಮಾಡಿಸ್ತೀನಿ, ನನ್ ಮಗಳಂಗೆ ನೋಡ್ಕಂತೀನಿ."

"ಈಗ್ಲೇ ಮಾಡಿಸ್ಬೇಕಂತ್ರಿ," ಎಂದಳು ಪ್ರಮೀಳಾ. "ಕಾಯಾಕಾಗಲ್ಲಂತೆ."

ಮಾತು ಸರಿಯಾಗಿ ಹೊರಡಲಿಲ್ಲ. ಏನಂದ್ರಿ ಎಂದು ಅತ್ತ ಕಡೆಯಿಂದ ಕೇಳಿದರು. ಅಷ್ಟರಲ್ಲಿ ಸತೀಶ ಫೋನು ಕೈಗೆತ್ತಿಕೊಂಡು, ಹಾಗೇ ಆಗಲಿ, ನಿಮ್ಮ ದೊಡ್ಡ ಮನಸ್ಸು ಎಂದು ಹೇಳಿಬಿಟ್ಟಿದ್ದ. ಶಿವಗಂಗಮ್ಮ ದೇವರ ಮುಂದೆ ಸಕ್ಕರೆ ಇಟ್ಟು ಬಂದಳು. ಎಲ್ಲರ ಮುಖವೂ ಗೆಲುವಾಗಿತ್ತು, ಆ ಗೆಲುವನ್ನು ಕೆಡಿಸುವ ಧೈರ್ಯ ಪ್ರಮೀಳಾಗೆ ಆಗಲಿಲ್ಲ. ಪ್ರೇಮಲತಾ ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಮಗಳು ಕೋಣೆಯಲ್ಲಿ ಮಕ್ಕಳ ಪೇಪರು ತಿದ್ದುತ್ತ ಕೂತಿದ್ದಳು. ಪ್ರಮೀಳಾ ಪಕ್ಕದಲ್ಲಿ ಕೂತು, ನೀನು ಬೇಡ ಅನ್ನು, ನಾಳೆಯೇ ಹೋಗೋಣ, ನೀನು ಅಂದರೆ ಅಪ್ಪ ಕೇಳುತ್ತಾರೆ ಎಂದು ಅಂಗಲಾಚಿದಳು. ದಾಕ್ಷಾಯಣಿ ಪೆನ್ನು ಮುಚ್ಚಿಟ್ಟಳು. ವಿನಯ್ ಕುಮಾರ್ ಮಧ್ಯಾಹ್ನವೇ ಅವಳಿಗೆ ಫೋನ್ ಮಾಡಿದ್ದ, ಅವನಿಗೂ ಅಮ್ಮನ ಮಾತು ಸರಿಯೆನಿಸಿತ್ತು. ಅವಳಿಗೆ ಅವನೆಂದರೆ ಇಷ್ಟ.

"ಎರಡು ಮೂರು ತಿಂಗಳು ತಾನೇ ಅಮ್ಮ," ಎಂದಳು. "ನೀನೂ ಕಾದಿಲ್ವಾ, ನನ್ ಒಪ್ಪಿಗೆ ಆಗ್ಲಿ ಅಂತ?"

ಮಾತಿನಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಅವಳು ಸಮಾಧಾನ ಹೇಳುತ್ತಿದ್ದಳು. ಪ್ರಮೀಳಾ ಮಗಳ ತಲೆ ಸವರಿ ಎದ್ದು ಬಂದಳು.

ಸೋಮವಾರ ಬೆಳಿಗ್ಗೆ ಆಶಾ ಡಾಕ್ಟರರ ಕ್ಲಿನಿಕ್ಕಿಗೆ ಫೋನ್ ಮಾಡಿ, ಮಗಳು ಈಗ ಬರುವುದಿಲ್ಲ, ಮದುವೆ ಆದ ಮೇಲೆ ಬರುತ್ತಾಳೆ ಎಂದು ಹೇಳಿದ್ದು ಪ್ರಮೀಳಾಳೇ. ಸತೀಶ ನಾನು ಮಾಡುತ್ತೇನೆ ಎಂದಿದ್ದ, ಅವಳು ಬಿಡಲಿಲ್ಲ. ಅತ್ತ ಕಡೆಯ ಹುಡುಗಿ ಅವಳ ಮಾತು ತಿಳಿಯದೆ ಮತ್ತೊಮ್ಮೆ ಹೇಳಿ ಎಂದಳು. ಪ್ರಮೀಳಾ ಬಟ್ಟಲಿನಿಂದ ಸೆಟ್ಟು ತೆಗೆದು ಬಾಯಿಗೆ ಹಾಕಿಕೊಂಡು, ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದು, ಮತ್ತೊಮ್ಮೆ ಹೇಳಿದಳು.